ವಾಲಿ ಕೇಳದ ಪ್ರಶ್ನೆ

ಮಡಿಕೇರಿಯವರು ಕಕ್ಕಡ ಎನ್ನುವ ತಿಂಗಳನ್ನು ಘಟ್ಟದ ಬುಡದ ಪೆರಾಜೆ, ಸಂಪಾಜೆ ಕಡೆಯ ನಾವು ಆಟಿ ಎನ್ನುತ್ತೇವೆ. ಮಳೆಗೆ ಈ ಭೇದವಿಲ್ಲ. ಎರಡೂ ಕಡೆ ಒಂದೇ ಸಮ ಹೊಯ್ಯುತ್ತದೆ, ಎರಡೂ ಕಡೆ ಕರೆಂಟು ಹೋಗುತ್ತದೆ. ಹಾಗೆ ಹೋದ ಕರೆಂಟು ಮೂರನೆಯ ದಿನವೂ ಬಾರದಿದ್ದಾಗ, ಬೆಂಗಳೂರಿನಿಂದ ಬಂದಿದ್ದ ತಂಗಿಯ ಮಗ ಒಂದು ದಪ್ಪ ನೋಟ್‌ಬುಕ್ಕು ಹಿಡಿದು ಬಂದು, ಊಟದ ಮೇಜಿನ ಮೇಲೆ ಒಂದು ಹಿಡಿ ದಾಳ ಸುರಿದ. ಅದರಲ್ಲೊಂದಕ್ಕೆ ಇಪ್ಪತ್ತು ಮುಖ. ಶಕುನಿಗೆ ಇದು ಸಿಕ್ಕಿದ್ದರೆ ಪಾಂಡವರ ವನವಾಸ ಹನ್ನೆರಡು ವರ್ಷಕ್ಕೆ ಮುಗಿಯುತ್ತಿರಲಿಲ್ಲ.

ಆಟದ ಹೆಸರು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕದಲ್ಲಿ 1974ರಲ್ಲಿ ಹೊರತಂದದ್ದು. ಒಬ್ಬ ಲೋಕವನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಬಾಯಲ್ಲೇ ನಡೆಯುತ್ತಾರೆ, ಬಾಯಲ್ಲೇ ಹೊಡೆಯುತ್ತಾರೆ. ಹೊಡೆತ ತಾಗಿತೋ ಇಲ್ಲವೋ ಎಂಬಂಥದ್ದನ್ನು ಮಾತ್ರ ದಾಳ ಹೇಳುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಎಲ್ಲ.

“ಇದು ತಾಳಮದ್ದಳೆ ಅಲ್ಲವೋ!” ಅಂದೆ. ಹುಡುಗನ ಮುಖ ಸಣ್ಣದಾಯಿತು.

ಅವನ ತಯಾರಿ ನೋಡಿ ನನಗೆ ಗಾಬರಿಯೇ ಆಯಿತು. 32 ಪುಟ. ಒಂದು ಊರು, ಊರಿನ ಅರ್ಚಕನ ಹಳೇ ಹಗೆ, ಏಳು ಬಾಗಿಲಿನ ಒಂದು ಗುಹೆ, ಬಾಗಿಲಿಗೊಂದು ಒಗಟು. ಒಂದು ತಿಂಗಳ ಕೆಲಸವಂತೆ. ಆಟ ಶುರುವಾಯಿತು. ಊರ ಬಾಗಿಲಲ್ಲಿ ಒಬ್ಬ ಮುದುಕಿ ಒಳ್ಳೆಮೆಣಸು ಮಾರುತ್ತಿದ್ದಾಳೆ ಎಂದು, ಸುಮ್ಮನೆ ಕಳೆ ಕಟ್ಟಲಿಕ್ಕೆ, ಅವನು ಒಂದು ಮಾತು ಸೇರಿಸಿದ. ನನ್ನ ಹೆಂಡತಿ ಅಲ್ಲೇ ನಿಂತಳು. ಕಿಲೋಗೆ ಎಷ್ಟು? ಬಳ್ಳಿ ಯಾವ ಮರಕ್ಕೆ ಹಬ್ಬಿಸಿದ್ದು? ಸೊರಗು ರೋಗ ಬಂದಿಲ್ಲವೇ? 32 ಪುಟದಲ್ಲಿ ಎಲ್ಲಿ ಹುಡುಕಿದರೂ ಮೆಣಸಿನ ರೇಟು ಇರಲಿಲ್ಲ. ರಾತ್ರಿ ಹನ್ನೊಂದಕ್ಕೆ ನಾವೆಲ್ಲ ಮುದುಕಿಯ ತೋಟ ನೋಡಿ ಬಂದು ಮಲಗಿದೆವು. ಗುಹೆಯ ಏಳು ಬಾಗಿಲೂ ಭದ್ರವಾಗಿದ್ದವು.

ಅವನ ಸಂಕಟ ನನಗೆ ಗೊತ್ತು. ಮೇ ಕೊನೆಗೆ ಪತ್ತನಾಜೆ ಬಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲವೆಲ್ಲ ನಮ್ಮ ಕಡೆ ತಾಳಮದ್ದಳೆ. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಬರೆದಿರುತ್ತದೆ. ಅರ್ಥ ಹೇಳುವವನ ಮಾತು ಎಲ್ಲೂ ಬರೆದಿರುವುದಿಲ್ಲ. ಸುಳ್ಯ ಸೀಮೆಯ ದೇರಾಜೆ ಸೀತಾರಾಮಯ್ಯ, ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಈ ಬರೆಯದ ಮಾತಿನಿಂದಲೇ ದೊಡ್ಡವರಾದರು. ಮೂವತ್ತು ವರ್ಷದ ಹಿಂದೆ ನನಗೂ ಈ ಹುಚ್ಚು ಹತ್ತಿತ್ತು. ‘ವಾಲಿವಧೆ’ಯಲ್ಲಿ ರಾಮನ ಅರ್ಥ ಕೊಟ್ಟರು. ಮರದ ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ವಾಲಿ ಕೇಳಿಯೇ ಕೇಳುತ್ತಾನಲ್ಲ! ಹದಿನೈದು ದಿನ ಕೂತು ಅದಕ್ಕೆ ಹದಿಮೂರು ಉತ್ತರ ಬಾಯಿಪಾಠ ಮಾಡಿದೆ, ನಾಲ್ಕು ಸಂಸ್ಕೃತ ಶ್ಲೋಕದ ಸಮೇತ.

ನಮ್ಮೂರ ವಾಲಿ ಪಳಗಿದ ಕೈ. ಎಲೆ ಅಡಿಕೆ ಉಗುಳಿ ಬಂದು, ಮೆಲ್ಲಗೆ ಕೇಳಿದ: “ಮೊದಲ ದಿನ ನಾವಿಬ್ಬರೂ ಹೊಡೆದಾಡುವಾಗ ಅಣ್ಣ ಯಾರು, ತಮ್ಮ ಯಾರು ಎಂದು ನಿನಗೆ ತಿಳಿಯಲಿಲ್ಲ. ಗುರುತಿಗೆ ಮಾಲೆ ಹಾಕಿಸಬೇಕಾಯಿತು. ಅಣ್ಣತಮ್ಮಂದಿರನ್ನೇ ಬೇರೆ ಮಾಡಲಾರದವನು ಧರ್ಮ ಅಧರ್ಮ ಬೇರೆ ಮಾಡಲು ಬಂದೆಯಾ?”

ಹದಿಮೂರೂ ಉತ್ತರ ಗಂಟಲಲ್ಲಿ ಒಂದಕ್ಕೊಂದು ಢಿಕ್ಕಿ ಹೊಡೆದವು. ಭಾಗವತರು ಎರಡು ನಿಮಿಷ ಕಾದು, ಪುಣ್ಯಾತ್ಮರು, ಮುಂದಿನ ಪದ್ಯ ಎತ್ತಿಕೊಂಡರು. ವಾದದಲ್ಲಿ ಗೆದ್ದ ವಾಲಿ ಪದ್ಯದ ಪ್ರಕಾರ ಸತ್ತ.

ಮರುದಿನ ಬೆಳಿಗ್ಗೆ ಮಡಿಕೇರಿಯ ಬಸ್ಸು. ಕೊಯನಾಡು ದಾಟಿ ಜೋಡುಪಾಲದ ತಿರುವಿನಲ್ಲಿ ಉತ್ತರ ಹೊಳೆಯಿತು. ಪಕ್ಕದಲ್ಲಿ ಕೂತವರಿಗೆ ಹೇಳೋಣವೆಂದರೆ ಅವರು ನಿದ್ದೆಯಲ್ಲಿದ್ದರು.

ಇದನ್ನೆಲ್ಲ ಹುಡುಗನಿಗೆ ಹೇಳಿದರೆ, “ವಾಲಿ ಸಾಯಲೇಬೇಕು ಅಂತ ಮೊದಲೇ ಇದ್ದರೆ ಅದು ರೈಲ್‌ರೋಡಿಂಗ್, ಮಾವ,” ಅಂದ. ಆಟಗಾರರನ್ನು ಹಳಿ ಬಿಡದಂತೆ ಎಳೆದೊಯ್ಯುವುದಂತೆ. ಕೊಡಗಿನಲ್ಲಿ ರೈಲೇ ಇಲ್ಲವಲ್ಲ ಮಾರಾಯ ಅಂದೆ. ಆದರೆ ಯೋಚಿಸಿದರೆ, ಕೊನೆ ಗಟ್ಟಿ ಇದ್ದದ್ದರಿಂದಲೇ ನಮ್ಮ ವಾಲಿ ನಡುವೆ ಅಷ್ಟು ಸಲೀಸಾಗಿ ಅಲೆದಾಡಿದ. ಹುಡುಗ ಕೊನೆ ಬಿಟ್ಟು ನಡುವನ್ನು ಗಟ್ಟಿ ಮಾಡಿಕೊಂಡು ಬಂದಿದ್ದ.

ಕೊಡವರ ಬಾಳೊಪಾಟಿನ ಉಪಾಯ ಇನ್ನೂ ಚಂದ. ದುಡಿ ಹಿಡಿದ ನಾಲ್ವರಲ್ಲಿ ಇಬ್ಬರು ಒಂದು ಸಾಲು ಹಾಡುತ್ತಾರೆ, ಇನ್ನಿಬ್ಬರು ಅದನ್ನೇ ತಿರುಗಿ ಹಾಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪ 1924ರ ‘ಪಟ್ಟೋಲೆ ಪಳಮೆ’ಯಲ್ಲಿ ಈ ಹಾಡುಗಳನ್ನು ಸಂಗ್ರಹಿಸಿ ಕೊಟ್ಟಿದ್ದಾರೆ. ಆದರೂ ಮದುವೆ ಮನೆಯಲ್ಲಿ ಆ ದಿನದ, ಆ ಮನೆತನದ ಹೆಸರು ಹೆಣೆಯಬೇಕಲ್ಲ! ಹಿಂದಿನವರು ತಿರುಗಿ ಹಾಡುವಷ್ಟು ಹೊತ್ತು ಮುಂದಿನವರ ತಲೆಗೆ ಬಿಡುವು. ನನಗೂ ಅಂದು ಹಿಂದೆ ಇಬ್ಬರು ಇದ್ದಿದ್ದರೆ!

ಮರುದಿನ ರಾತ್ರಿ ಹುಡುಗ ನೋಟ್‌ಬುಕ್ಕು ತರಲಿಲ್ಲ. ಒಂದೇ ಹಾಳೆ. ಇನ್ನೂ ಯಾರಿಗೂ ಇಡದ ಹತ್ತು ಹೆಸರು. ಯಾರಿಗೆ ಏನು ಬೇಕು, ಯಾರಿಗೆ ಯಾರ ಹೆದರಿಕೆ. ನಾವು ಯಾರೂ ಏನೂ ಮಾಡದಿದ್ದರೆ ಹುಣ್ಣಿಮೆಗೆ ಆಗುವ ಒಂದು ಅನಾಹುತ. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಮೆಣಸಿನ ರೇಟು.

ಮೆಣಸಿನ ಮುದುಕಿಗೆ ಹಾಳೆಯಿಂದ ಒಂದು ಹೆಸರು ಸಿಕ್ಕಿತು. ಅವಳ ತೋಟದಾಚೆಯ ಸಂಕದಲ್ಲಿ ಇಬ್ಬರು ರಾಕ್ಷಸರು, ಅಣ್ಣತಮ್ಮಂದಿರು, ಹೊಡೆದಾಡುತ್ತಿದ್ದರು. ಒಬ್ಬ ನಮ್ಮ ಕಡೆಯವನು. ನೋಡಲು ಇಬ್ಬರೂ ಒಂದೇ. ನಾನು ಬಾಣ ಬಿಟ್ಟೆ, ನಮ್ಮವನಿಗೇ ತಾಗಿತು. “ಗುರುತು ಸಿಗದೆ ಯಾಕೆ ಹೊಡೆದೆ?” ಎಂದು ಹುಡುಗ ರಾಕ್ಷಸನ ಸ್ವರದಲ್ಲಿ ಗುಡುಗಿದ.

ನಾನು ನೆಟ್ಟಗೆ ಕೂತೆ. ಶಾಲು ಸರಿ ಮಾಡಿಕೊಂಡೆ. “ಅಯ್ಯಾ, ಅಣ್ಣತಮ್ಮಂದಿರು ಹೊಡೆದಾಡುವುದನ್ನು ನಾನು ನನ್ನ ಮನೆಯಲ್ಲಿ ಕಂಡವನಲ್ಲ. ಕಂಡು ಅಭ್ಯಾಸವಿದ್ದಿದ್ದರೆ ಗುರುತು ಸಿಗುತ್ತಿತ್ತು.”

ಮೇಜಿನ ಸುತ್ತ ಮಾತಿಲ್ಲ. ಹೆಂಡತಿ ಕೂಡ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು.

“ಭಾರೀ ಆಯ್ತು ಮಾವ,” ಅಂದ ಹುಡುಗ, ಇಪ್ಪತ್ತು ಮುಖದ್ದನ್ನು ನನ್ನ ಕಡೆ ತಳ್ಳಿ. “ಅವನು ಒಪ್ಪಿದನೋ ಇಲ್ಲವೋ ನೋಡುವ. ಹದಿನೈದರ ಮೇಲೆ ಬೀಳಬೇಕು.”

ಹಾಕಿದೆ. ಮೂರು ಬಿತ್ತು.