ಸ್ವೆಟರಭಾವ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲು ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಬೇಕೆಂಬುದು ಹಿರಿಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು. ಇಲ್ಲಿ ವಿಷಯ, ಮೂರೂವರೆ ವರ್ಷದ ಶಿಶುವಿರುವ ಮನೆಯಲ್ಲಿ ಹೆಣಿಗೆಯಾಗುತ್ತಿರುವ ಒಂದು ಹಳದಿ ಸ್ವೆಟರು. ಪ್ರಯೋಜನ, ಆ ಸ್ವೆಟರು ಏಕೆ ಇಲ್ಲ ಎಂಬುದರ ಜ್ಞಾನ. ಸಂಬಂಧ, ಹೆಣೆಯುತ್ತಿರುವವಳು ಪ್ರಬಂಧಕಾರನ ಹೆಂಡತಿ, ತಡೆಯುತ್ತಿರುವವಳು ಇಬ್ಬರ ಮಗಳು. ಅಧಿಕಾರಿ, ಅಂದರೆ ಈ ಗ್ರಂಥವನ್ನು ಓದಲು ಅರ್ಹರು, ಸೋಫಾದಡಿಗೆ ಉರುಳಿದ ಉಲ್ಲನ್ ಉಂಡೆಯನ್ನು ನೆಲಕ್ಕೆ ಕೆನ್ನೆಯಿಟ್ಟು ಈಚೆಗೆ ಎಳೆದವರು. ಉಳಿದವರೂ ಓದಬಹುದು, ಫಲವಿಲ್ಲ.

ಸ್ವೆಟರಿನ ಅಗತ್ಯವೇ ಇಲ್ಲವಲ್ಲ ಎಂದು ಪೂರ್ವಪಕ್ಷಿಗಳು ಬಾಗಿಲಲ್ಲೇ ಅಡ್ಡ ನಿಲ್ಲಬಹುದು. ಪ್ರಯೋಗ ನಡೆದಿರುವುದು ಬೆಂಗಳೂರಿನಲ್ಲಿ. ಈ ಊರಿನ ಅತಿ ಕಡಿಮೆ ಉಷ್ಣಾಂಶವೆಂದು ದಾಖಲೆಯಲ್ಲಿರುವುದು 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿ 13ರಂದು. ಆದ್ದರಿಂದ ಸ್ವೆಟರು ನಿಜವಾಗಿ ಬೇಕಾಗಿದ್ದುದು ಆ ಒಂದು ಬೆಳಗ್ಗೆ, ಅದಾಗಲೇ ಕಳೆದುಹೋಗಿದೆ ಎಂದು ಅವರ ವಾದ. ಇದು ನಿಲ್ಲುವ ವಾದವಲ್ಲ. ಒಂದು ಮೋಡ ಕವಿದರೆ ಸಾಕು, ವಾಚ್‌ಮನ್ನಿನಿಂದ ಹಿಡಿದು ಸೊಪ್ಪಿನ ಗಾಡಿಯವರ ತನಕ ಎಲ್ಲರೂ ಮಂಕಿ ಕ್ಯಾಪಿನೊಳಗೆ ಅಂತರ್ಧಾನರಾಗುವ ಊರಿದು. ಇಲ್ಲಿ ಚಳಿ ಉಷ್ಣಮಾಪಕಕ್ಕೆ ಸೇರಿದ ವಿಷಯವಲ್ಲ, ಶ್ರದ್ಧೆಗೆ ಸೇರಿದ್ದು.

ಕೊಂಡುಕೊಳ್ಳಬಹುದಲ್ಲ ಎಂಬುದು ಎರಡನೆಯ ಪೂರ್ವಪಕ್ಷ. ಹೌದು. 1961ರಿಂದ ಬೈಲುಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರು ಚಳಿಗಾಲ ಬಂದೊಡನೆ ಊರೂರಿನ ರಸ್ತೆಬದಿಯಲ್ಲಿ ಸ್ವೆಟರಿನ ಅಂಗಡಿ ಹಾಕುತ್ತಾರೆ. ಮಾಲು ಬಹುಪಾಲು ಲೂಧಿಯಾನದಿಂದ ಬಂದದ್ದು, ಬೆಲೆಯೂ ಹಿತವಾಗಿರುತ್ತದೆ. ನಮ್ಮ ಶಿಶು ಈಗ ತೊಟ್ಟಿರುವುದೂ ಅಂಥದ್ದೇ. ಆದರೆ ಅದು ಇರುವ ಸ್ವೆಟರು. ಇರುವುದರ ಬಗ್ಗೆ ಶಾಸ್ತ್ರಕ್ಕೆ ಹೇಳುವಂಥದ್ದೇನೂ ಇರುವುದಿಲ್ಲ.

ಕಾರಣವಿಚಾರಕ್ಕೆ ಬರೋಣ. ಹದಿನೇಳನೆಯ ಶತಮಾನದ ಅನ್ನಂಭಟ್ಟನು ತರ್ಕ ಕಲಿಯುವ ಮಕ್ಕಳಿಗಾಗಿ ಬರೆದ ‘ತರ್ಕಸಂಗ್ರಹ’ದಲ್ಲಿ ಕಾರಣಗಳನ್ನು ಬಟ್ಟೆಯ ಉದಾಹರಣೆಯಿಂದಲೇ ವಿವರಿಸುತ್ತಾನೆ. ನೂಲೆಳೆಗಳು ಸಮವಾಯಿ ಕಾರಣ, ಎಳೆಗಳು ಒಂದಕ್ಕೊಂದು ಸೇರುವುದು ಅಸಮವಾಯಿ ಕಾರಣ, ಮಗ್ಗ ಲಾಳಿ ಮೊದಲಾದವು ನಿಮಿತ್ತ ಕಾರಣ. ನಮ್ಮಲ್ಲಿ ನೂಲು ಇದೆ (ಉಲ್ಲನ್ ಎಂದು ಕರೆಯುತ್ತೇವೆ, ಮುಕ್ಕಾಲು ಮೂರುವೀಸ ಅಕ್ರಿಲಿಕ್ಕು). ಅಂಚಿಗೆ ಹತ್ತನೇ ನಂಬರಿನ ಕಡ್ಡಿ, ಮೈಗೆ ಎಂಟನೇ ನಂಬರಿನದು, ಎರಡೂ ಇವೆ. ಸೀದಾ ಉಲ್ಟಾ ಎರಡನ್ನೂ ಕಣ್ಣುಮುಚ್ಚಿ ಹಾಕಬಲ್ಲ ಕೈಯಿದೆ. ಸಕಲ ಕಾರಣಸಾಮಗ್ರಿ ಇದ್ದೂ ಕಾರ್ಯವೇಕೆ ಹುಟ್ಟುತ್ತಿಲ್ಲ? ನೈಯಾಯಿಕರು ಇದಕ್ಕೂ ಉತ್ತರ ಇಟ್ಟಿದ್ದಾರೆ. ಬೆಂಕಿಯಿದ್ದು ಸೌದೆಯಿದ್ದರೂ ಚಂದ್ರಕಾಂತ ಮಣಿ ಹತ್ತಿರವಿದ್ದರೆ ಉರಿ ಹತ್ತದಂತೆ. ಅದಕ್ಕಾಗಿ ‘ಪ್ರತಿಬಂಧಕಾಭಾವ’ವನ್ನೂ, ಅಂದರೆ ಅಡ್ಡಿ ಇಲ್ಲದಿರುವುದನ್ನೂ, ಕಾರಣಗಳ ಪಟ್ಟಿಗೆ ಸೇರಿಸಿದರು. ನಮ್ಮ ಮನೆಯ ಮಣಿಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲ.

ಸಾಂಖ್ಯರ ದಾರಿ ಬೇರೆ. ಕಾರ್ಯವು ಕಾರಣದಲ್ಲಿ ಮೊದಲೇ ಇದೆ, ಬಟ್ಟೆ ನೂಲಿನಲ್ಲೇ ಅಡಗಿದೆ, ಕರ್ತೃವಿನ ಕೆಲಸ ಅದನ್ನು ಪ್ರಕಟಿಸುವುದಷ್ಟೇ ಎನ್ನುತ್ತಾರೆ ಅವರು. ಇದು ದಾಂಪತ್ಯಕ್ಕೆ ಹಿತಕರವಾದ ಸಿದ್ಧಾಂತವೆಂದು ಬಗೆದು ಪ್ರಬಂಧಕಾರನು ಒಂದು ಸಂಜೆ ಕರ್ತೃವಿಗೆ ನಿವೇದಿಸಿದನು: ತಾತ್ತ್ವಿಕವಾಗಿ ನೋಡಿದರೆ ಸ್ವೆಟರು ಆಗಲೇ ಇದೆ, ಉಂಡೆಯ ರೂಪದಲ್ಲಿದೆ. ಅದಕ್ಕೆ ಬಂದ ಉತ್ತರ: “ಹಾಗಾದ್ರೆ ನಾಳೆ ವಾಕಿಂಗಿಗೆ ಉಂಡೆ ಹಾಕ್ಕೊಂಡು ಹೋಗಿ.” ಸಾಂಖ್ಯರು ಅಲ್ಲಿಗೆ ನಿರುತ್ತರರಾದರು.

ಉಳಿದದ್ದು ಅಭಾವದ ದಾರಿ. ಇಲ್ಲದಿರುವುದು ನಾಲ್ಕು ಬಗೆ ಎಂದು ವಿಂಗಡಿಸಿದ ತಾರ್ಕಿಕರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆಂಬುದರಲ್ಲಿ ಪ್ರಬಂಧಕಾರನಿಗೆ ಸಂಶಯವಿಲ್ಲ.

ಪ್ರಾಗಭಾವವೆಂದರೆ ವಸ್ತು ಹುಟ್ಟುವ ಮೊದಲಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯವಿದೆ. ಆದಿಯಿಲ್ಲವೆಂಬುದು ದಿಟ, ಮೊದಲ ಸಾಲು ಹಾಕಿದ್ದು ಯಾವಾಗೆಂದು ಕರ್ತೃವಿಗೂ ನೆನಪಿಲ್ಲ. ಅಂತ್ಯದ ವಿಷಯದಲ್ಲಿ ಮಾತ್ರ ಶಾಸ್ತ್ರಕಾರರು ಅವಸರಪಟ್ಟಿದ್ದಾರೆ. ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಕೂಸು ಮೊದಲ ವರ್ಷದಲ್ಲಿ ಹತ್ತಿರಹತ್ತಿರ 25 ಸೆಂಟಿಮೀಟರ್ ಬೆಳೆಯುತ್ತದೆ, ಎರಡನೆಯ ವರ್ಷ ಹನ್ನೆರಡರಷ್ಟು, ಆಮೇಲೆ ವರ್ಷಕ್ಕೆ ಆರೇಳು. ಹೆಣಿಗೆ ಕಂಕುಳಿನ ಮಟ್ಟಕ್ಕೆ ಬರುವಷ್ಟರಲ್ಲಿ ಕಂಕುಳು ಅಲ್ಲಿರುವುದಿಲ್ಲ. ಉದ್ದಕ್ಕೆ ನಾಲ್ಕು ಸಾಲು ಏರಿಸಿದರೆ ಅಗಲ ಸಾಲದು. ಅಗಲಕ್ಕೆಂದು ಬಿಚ್ಚಿ ಹಾಕಿದರೆ ಕೊರಳು ತೂರದು. ಶಿಶು ಬೆಳೆಯುತ್ತಿರುವುದು ಕೇವಲ ಪ್ರಕೃತಿಧರ್ಮದಿಂದಲೋ ಸ್ವೆಟರಿನ ಮೇಲಿನ ಹಟದಿಂದಲೋ ಎಂಬುದು ಇನ್ನೂ ಚರ್ಚೆಯಲ್ಲಿರುವ ವಿಷಯ.

ಎಣಿಕೆಯ ತೊಡಕೊಂದು ಬೇರೆ ಇದೆ. ಹೆಣೆಯುವವಳು ಮನಸ್ಸಿನಲ್ಲಿ ಕುಣಿಕೆ ಎಣಿಸುತ್ತಿರುತ್ತಾಳೆ. ಆಗತಾನೇ ಅಂಕಿ ಕಲಿಯುತ್ತಿರುವ ಶಿಶು ಪಕ್ಕದಲ್ಲೇ ಕುಳಿತು ಗಟ್ಟಿಯಾಗಿ “ಹನ್ನೊಂದು, ಹದಿನಾಲ್ಕು, ಎಪ್ಪತ್ತು” ಎನ್ನುತ್ತಿರುತ್ತದೆ. ಸಾಲು ಮುಗಿಯುವಾಗ ಕಡ್ಡಿಯ ಮೇಲೆ ಯಾರ ಎಣಿಕೆ ಉಳಿದಿದೆಯೆಂದು ಹೇಳಲಾಗದು. ಕುಣಿಕೆ ಹೆಚ್ಚಾಗುತ್ತ ಹೋದರೆ ಅಂಚು ಎಲೆಕೋಸಿನ ಎಲೆಯ ಹಾಗೆ ಸುಕ್ಕುಗಟ್ಟುತ್ತದೆ. ಇದನ್ನು ತಪ್ಪೆಂದು ತಿಳಿಯಬಾರದು. ಇದೇ ರೀತಿ ಸಾಲುಸಾಲಿಗೂ ಕುಣಿಕೆ ಏರಿಸುತ್ತ ಹೋಗಿ, 1997ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ ಹೈಪರ್ಬಾಲಿಕ್ ಸಮತಲವನ್ನು ಕ್ರೋಶಾ ಕಡ್ಡಿಯಲ್ಲಿ ಹೆಣೆದು ತೋರಿಸಿದರು. ಕಾಗದದಲ್ಲಿ ಮಾಡಿದ ಮಾದರಿಗಳು ಹರಿದುಹೋಗುತ್ತಿದ್ದ ಜಾಗದಲ್ಲಿ ನೂಲು ನಿಂತಿತು. ಆಕೆ ಲೆಕ್ಕವಿಟ್ಟು ಏರಿಸಿದರು, ನಮ್ಮಲ್ಲಿ ಲೆಕ್ಕ ಕೆಡಿಸಿ ಏರಿಸುತ್ತೇವೆ. ಜ್ಯಾಮಿತಿ ಒಂದೇ.

ಈ ಘಟ್ಟದಲ್ಲಿ ಒಂದು ವಿದೇಶೀ ಸಾಕ್ಷ್ಯ. ಜರ್ಮನಿಯ ಹ್ಯಾಂಬರ್ಗ್ ಕಲಾಸಂಗ್ರಹಾಲಯದಲ್ಲಿ ಬುಕ್ಸ್‌ಟೆಹುಡೆ ಎಂಬ ಊರಿನ ಪೂಜಾವೇದಿಕೆಯ ಚಿತ್ರಗಳಿವೆ. ಸುಮಾರು 1400ರ ಕಾಲದವು, ಮಾಸ್ಟರ್ ಬರ್ಟ್ರಾಂ ಎಂಬ ಕಲಾವಿದನ ಪರಂಪರೆಗೆ ಸೇರಿದವು. ಒಂದರಲ್ಲಿ ಮೇರಿ ಮಾತೆ ನಾಲ್ಕು ಕಡ್ಡಿ ಹಿಡಿದು ಪುಟ್ಟ ಅಂಗಿ ಹೆಣೆಯುತ್ತಿದ್ದಾಳೆ. ಬಾಲಯೇಸು ಹುಲ್ಲಿನ ಮೇಲೆ ಪುಸ್ತಕ ತೆರೆದುಕೊಂಡಿದ್ದಾನೆ, ಬುಗುರಿ ಚಾವಟಿ ಪಕ್ಕದಲ್ಲಿ ಬಿದ್ದಿವೆ. ಶಿಲುಬೆ, ಈಟಿ ಹಿಡಿದ ದೇವದೂತರಿಬ್ಬರು ಬಂದು ನಿಂತಿದ್ದಾರೆ. ಚಿತ್ರದ ಅಲೌಕಿಕಾಂಶ ಆ ದೇವದೂತರೆಂದು ಕಲಾವಿಮರ್ಶಕರು ಬರೆಯುತ್ತಾರೆ. ನಮ್ಮ ಕರ್ತೃವಿಗೆ ಚಿತ್ರ ತೋರಿಸಿದಾಗ ಆಕೆ ದೇವದೂತರತ್ತ ನೋಡಲಿಲ್ಲ. “ಮಗು ನೂಲು ಮುಟ್ತಾ ಇಲ್ವಲ್ರೀ” ಎಂದು ಬಹಳ ಹೊತ್ತು ನೋಡಿದಳು. ಹಾಗಿದ್ದೂ ಅಂಗಿ ಇನ್ನೂ ಕಡ್ಡಿಯ ಮೇಲೇ ಇದೆ, ಆರುನೂರು ವರ್ಷಗಳಿಂದ ಇದೆ ಎಂಬುದನ್ನು ವಾಚಕರು ಗಮನಿಸಬೇಕು.

ಎರಡನೆಯದು ಪ್ರಧ್ವಂಸಾಭಾವ, ನಾಶವಾದ ಮೇಲಿನ ಇಲ್ಲದಿರುವಿಕೆ. ನೇಯ್ಗೆಯ ಬಟ್ಟೆಯಲ್ಲಿ ಹಾಸು ಹೊಕ್ಕು ಎಂದು ನೂರಾರು ಎಳೆಗಳಿರುತ್ತವೆ, ಒಂದನ್ನು ಎಳೆದರೆ ಒಂದೇ ಬರುತ್ತದೆ. ಹೆಣಿಗೆಯಲ್ಲಿ ಮೊದಲಿಂದ ಕೊನೆಯವರೆಗೆ ಇರುವುದು ಒಂದೇ ಎಳೆ. ಕುಣಿಕೆಯೊಳಗೆ ಕುಣಿಕೆ ತೂರಿ ನಿಂತ ಆ ಇಡೀ ವ್ಯವಸ್ಥೆಗೆ ಆಧಾರ ಕಡ್ಡಿಯ ಮೇಲಿರುವ ಕಡೆಯ ಸಾಲು. ಕಡ್ಡಿಯನ್ನು ಸರ್ರನೆ ಹಿರಿದು ಎಳೆಯ ತುದಿ ಹಿಡಿದು ಅಡುಗೆಮನೆಯತ್ತ ಓಡಿದರೆ ಎರಡು ವಾರದ ವಿದ್ಯೆ ಬಚ್ಚಲ ಬಾಗಿಲು ತಲುಪುವುದರೊಳಗೆ ಮುಗಿಯುತ್ತದೆ. ಈ ಪ್ರಮೇಯವನ್ನು ನಮ್ಮ ಶಿಶು ಯಾರ ಮಾರ್ಗದರ್ಶನವೂ ಇಲ್ಲದೆ ಸಿದ್ಧಪಡಿಸಿದ್ದಾಳೆ. ಬಿಚ್ಚಿದ ನೂಲು ಸೇವಿಗೆಯಂತೆ ಗುಂಗುರಾಗಿರುತ್ತದೆ ಎಂಬ ಉಪಪ್ರಮೇಯವೂ ಅವಳದೇ.

ಶಿಕ್ಷಣತಜ್ಞರು ಇದಕ್ಕೆ ಕುಮ್ಮಕ್ಕು ಕೊಟ್ಟಿದ್ದಾರೆಂದು ದುಃಖದಿಂದ ಹೇಳಬೇಕಾಗಿದೆ. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗಿನಲ್ಲಿ ಮಕ್ಕಳ ಶಾಲೆ ತೆರೆದು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್, ಶಿಶುವಿಗೆ ಮೊಟ್ಟಮೊದಲು ಕೊಡತಕ್ಕ ಆಟಿಕೆಯೆಂದು ಗೊತ್ತುಮಾಡಿದ್ದು ಬಣ್ಣಬಣ್ಣದ ಆರು ಉಣ್ಣೆ ಚೆಂಡುಗಳನ್ನು. ಮಹಾನುಭಾವ. ಅವು ಯಾರೂ ಹೆಣೆಯುತ್ತಿರದ ಉಣ್ಣೆಯ ಚೆಂಡುಗಳು ಎಂಬುದನ್ನು ದಪ್ಪಕ್ಷರದಲ್ಲಿ ಬರೆದಿಡಬೇಕಿತ್ತು.

ಅತ್ಯಂತಾಭಾವವನ್ನು ಬೇಗ ಮುಗಿಸಬಹುದು. ಗಾಳಿಗೆ ಬಣ್ಣವಿಲ್ಲ ಎಂಬಂತೆ ಮೂರು ಕಾಲದಲ್ಲೂ ಇಲ್ಲದಿರುವುದು ಅದು. ಉದಾಹರಣೆ: ಸ್ವೆಟರಿನ ಎರಡನೆಯ ತೋಳು.

ಮೊದಲನೆಯ ತೋಳು ಮಾತ್ರ ಪೂರ್ತಿಯಾಯಿತು. ಅದು ನಮ್ಮನ್ನು ಅನ್ಯೋನ್ಯಾಭಾವಕ್ಕೆ ತಂದು ನಿಲ್ಲಿಸುತ್ತದೆ. ಇದು ಅದಲ್ಲ, ಗಡಿಗೆ ಬಟ್ಟೆಯಲ್ಲ ಎಂಬ ಬಗೆಯ ಅಭಾವ. ತೋಳು ಸಿದ್ಧವಾದ ದಿನ ಕರ್ತೃವು ಅದನ್ನು ಅಳತೆಗೆಂದು ಶಿಶುವಿನ ಕೈಗೆ ತೊಡಿಸಿದಳು. ಶಿಶು ಕೈಯನ್ನು ಮೂಗಿನ ಹತ್ತಿರ ತಂದು ಒಮ್ಮೆ ತೂಗಿ, “ಇದು ತೋಳಲ್ಲ, ಸೊಂಡಿಲು” ಎಂದಿತು. ಪ್ರತ್ಯಕ್ಷ, ಅನುಮಾನ ಎರಡರಿಂದಲೂ ಅದು ಸೊಂಡಿಲೇ ಆಗಿತ್ತು. ಮುಂದಿನದೆಲ್ಲ ಬಹಳ ಬೇಗ ನಡೆಯಿತು. ಕುಕ್ಕರ್ ಬಂದಿದ್ದ ರಟ್ಟಿನ ಪೆಟ್ಟಿಗೆ ಹೊಟ್ಟೆಯಾಯಿತು. ಊಟದೆಲೆಯ ಎರಡು ತುಂಡು ಕಿವಿಯಾದವು. ಟೂತ್‌ಪೇಸ್ಟಿನ ಮುಚ್ಚಳಗಳು ಕಣ್ಣು, ಎರಡೂ ಒಂದೇ ಕಡೆಗೆ. ಫೆವಿಕಾಲ್ ಡಬ್ಬಿ ಒಣಗಿಹೋಗಿದ್ದರಿಂದ ತಟ್ಟೆಯಲ್ಲಿದ್ದ ಅನ್ನದ ಅಗುಳನ್ನೇ ತಿಕ್ಕಿ ಅಂಟಿಸಲಾಯಿತು. ಬಾಲಕ್ಕೆ ಪ್ರಬಂಧಕಾರನ ಕನ್ನಡಕದ ದಾರ. ಚಹಾ ಕುದಿದು ಸೋಸುವಷ್ಟರಲ್ಲಿ ಆನೆ ನಿಂತಿತ್ತು. ಯಾವ ಮಾದರಿಪುಸ್ತಕವಿಲ್ಲ, ಎಣಿಕೆಯಿಲ್ಲ, ಬಿಚ್ಚಿ ಹಾಕಿದ್ದಿಲ್ಲ. ಚನ್ನಪಟ್ಟಣದವರು ಹಾಲೆಮರವನ್ನು ಕಡೆದು ಅರಗಿನ ಬಣ್ಣ ಕೊಟ್ಟು ಮಾಡುವ ಆನೆ ನಮ್ಮ ಶೋಕೇಸಿನಲ್ಲಿದೆ. ಅದರ ಸೊಬಗಿಗೆ ಇದು ಸಾಟಿಯಲ್ಲ. ಆದರೆ ಅದಕ್ಕೆ ರಾತ್ರಿ ಹೊದಿಸಿ ಮಲಗಿಸಬೇಕೆಂದು ಯಾರೂ ಈತನಕ ಅತ್ತಿಲ್ಲ.

ಇಷ್ಟು ಸಾಮಗ್ರಿಯಿಂದ ಪ್ರಬಂಧಕಾರನು ಒಂದು ನಿಯಮವನ್ನು ರಚಿಸಿದನು: ಶಿಶು ಎಚ್ಚರವಾಗಿರುವ ಮನೆಯಲ್ಲಿ ದೊಡ್ಡವರ ಕೈಕೆಲಸ ಯಾವುದೂ ಮುಗಿಯದು. ನಿಯಮ ಒಪ್ಪವಾಗಿತ್ತು. ಅಷ್ಟರಲ್ಲಿ ಧಾರವಾಡದಿಂದ ಅತ್ತೆಯವರು ಬಂದು ಅದಕ್ಕೆ ಅತಿವ್ಯಾಪ್ತಿದೋಷ ಹಚ್ಚಿದರು.

ಅತ್ತೆಯವರ ವಿದ್ಯೆ ಕೌದಿ. ಹಳೆಯ ಸೀರೆಗಳನ್ನೂ ಪಂಚೆಯನ್ನೂ ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಉದ್ದಕ್ಕೂ ದಾರ ಓಡಿಸುತ್ತ ಹೋಗುವ ಹೊಲಿಗೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರೂ ಇದರ ಸೋದರಿಯಂಥ ಕವಂದಿಯನ್ನು ಅಂಚಿನಿಂದ ಶುರುಮಾಡಿ ನಡುವಿನತ್ತ ಹೊಲಿಯುತ್ತಾರೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂವಿಡದೆ ಬಿಡುವುದಿಲ್ಲ. ಅತ್ತೆಯವರು ಹಾಲಿನಲ್ಲಿ ಸೀರೆ ಹಾಸಿದೊಡನೆ ಶಿಶು ಓಡಿಬಂದು ನಡುಮಧ್ಯೆ ಕುಳಿತಿತು. ಕರ್ತೃವು ಎತ್ತಿಕೊಳ್ಳಹೋದಾಗ ಅತ್ತೆಯವರು ತಡೆದರು: “ಕುಂದರಲಿ ಬಿಡವಾ. ಬಟ್ಟಿ ಸರಿಯಂಗಿಲ್ಲ.” ಮೂರೂವರೆ ವರ್ಷದ ಶಿಶುವು ಪದರಗಳನ್ನು ಅಲುಗದಂತೆ ಹಿಡಿಯಲು ತಕ್ಕ ತೂಕದ ಸಾಧನವೆಂದು ಆ ದಿನ ಸಿದ್ಧವಾಯಿತು. ಯಾವ ತುಂಡು ಎಲ್ಲಿ ಎಂಬುದನ್ನು ಶಿಶುವೇ ನಿರ್ಧರಿಸಿತು. ಕೆಂಪಿನ ಪಕ್ಕ ಕೆಂಪು, ಅದರ ಪಕ್ಕ ಇನ್ನೂ ಒಂದು ಕೆಂಪು. ನಡುವೆ ಎದ್ದುಹೋದರೆ ದಾರ ಅಲ್ಲಿಗೇ ನಿಂತಿರುತ್ತದೆ, ಮರುದಿನ ಅಲ್ಲಿಂದಲೇ ಮುಂದೆ. ಎಳೆದರೆ ಬಿಚ್ಚಿಕೊಳ್ಳುವುದು ಒಂದು ಸಾಲು, ಉಳಿದ ಸಾಲುಗಳಿಗೆ ಸುದ್ದಿಯೂ ಮುಟ್ಟುವುದಿಲ್ಲ. ಹುಣ್ಣಿಮೆಯ ಹೊತ್ತಿಗೆ ಕೌದಿ ಮುಗಿಯಿತು. ಆನೆ ಈಗ ಅದರ ಕೆಳಗೆ ಮಲಗುತ್ತದೆ.

ಆದ್ದರಿಂದ ನಿಯಮವನ್ನು ತಿದ್ದಬೇಕಾಯಿತು. ಮುಗಿಯದಿರುವುದು ಮಗುವಿನ ಅಳತೆಗೆ ಮಾಡುವ ಕೆಲಸ. ಮಗುವಿನ ಜೊತೆಗೆ ಮಾಡುವುದಕ್ಕೆ ಅಳತೆ ಎಂಬ ತೊಂದರೆಯೇ ಇಲ್ಲವಾದ್ದರಿಂದ ಅದು ಮುಗಿಯುತ್ತದೆ, ಅಥವಾ ಮುಗಿಯಿತೆಂದು ಶಿಶು ಘೋಷಿಸುತ್ತದೆ, ಎರಡೂ ಒಂದೇ.

ಇನ್ನು ಶಬ್ದಪ್ರಮಾಣ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಗಾದೆಯನ್ನು ನಾವೆಲ್ಲ ಅವಸರದವರನ್ನು ಹಂಗಿಸುವುದಕ್ಕೆ ಬಳಸುತ್ತ ಬಂದಿದ್ದೇವೆ. ಮೇಲಿನ ನಾಲ್ಕು ಅಭಾವಗಳನ್ನು ಕಂಡವರಿಗೆ ಆ ಅರ್ಥ ಒಪ್ಪಲಾಗದು. ಇದು ಹಂಗಿಸುವ ಮಾತಲ್ಲ, ಸಮಯಪಟ್ಟಿ. ಕೂಸು ಹುಟ್ಟುವ ಮುಂಚೆ ತಲೆಯ ಅಳತೆ ಗೊತ್ತಿರುವುದಿಲ್ಲ ಎಂಬುದೊಂದೇ ಕೊರತೆ. ಹುಟ್ಟಿದ ಮೇಲೆ ಅಳತೆಯೊಂದು ಬಿಟ್ಟು ಬೇರೇನೂ ಇರುವುದಿಲ್ಲ. ಯಾವಳೋ ಅನುಭವಸ್ಥೆ ಬಸುರಿ ಸೊಸೆಗೆ ಹೇಳಿದ ಬುದ್ಧಿಮಾತನ್ನು, ಜಗಲಿಯ ಮೇಲೆ ಕುಳಿತಿದ್ದ ಯಾವನೋ ಗಂಡಸು ಅರ್ಧ ಕೇಳಿಸಿಕೊಂಡು ಗಾದೆ ಮಾಡಿದನೆಂದು ಪ್ರಬಂಧಕಾರನ ಊಹೆ. ಈ ಊಹೆಯನ್ನು ಓದಿ ಹೇಳಿದಾಗ ಕರ್ತೃವು, “ಅದನ್ನ ಬರೆದ ಹೊತ್ತಲ್ಲಿ ಇವಳನ್ನ ಪಾರ್ಕಿಗೆ ಕರ್ಕೊಂಡು ಹೋಗಿದ್ರೆ ಎರಡನೇ ತೋಳು ಆಗ್ತಿತ್ತು” ಎಂದು ಆಕ್ಷೇಪಿಸಿದಳು. ಆಕ್ಷೇಪವು ಗ್ರಂಥದ ವ್ಯಾಪ್ತಿಗೆ ಸೇರದ್ದರಿಂದ ಪರಿಶೀಲಿಸಿಲ್ಲ.

ಗಾದೆಯ ಪ್ರಾಮಾಣ್ಯಪರೀಕ್ಷೆ ಸದ್ಯ ನಡೆಯುತ್ತಿದೆ. ಕರ್ತೃವಿನ ತಂಗಿಗೆ ಈಗ ಏಳು ತಿಂಗಳು. ಬಿಚ್ಚಿದ ಹಳದಿ ನೂಲನ್ನು ಹದವಾದ ಬಿಸಿನೀರಿನಲ್ಲಿ ನೆನೆಸಿ, ಗುಂಗುರು ತೆಗೆದು, ಕುಲಾವಿಗೆಂದು ಕುಣಿಕೆ ಹಾಕಲಾಗಿದೆ. ಹುಟ್ಟಬೇಕಾದ ಕೂಸು ಹುಬ್ಬಳ್ಳಿಯಲ್ಲಿರುವುದರಿಂದ ಪ್ರತಿಬಂಧಕ ದೂರವಿದೆ. ಕಿವಿ ಮುಚ್ಚುವವರೆಗೆ ಹೆಣಿಗೆ ಏರಿದೆ. ನಮ್ಮ ಶಿಶು ಅದನ್ನು ಒಮ್ಮೆ ನೋಡಿ, ಆನೆಯ ತಲೆ ನೋಡಿ, ಏನೂ ಮಾತಾಡದೆ ಹೋಗಿದ್ದರಿಂದ ಸಾಮಗ್ರಿಯನ್ನೆಲ್ಲ ಬೀರುವಿನ ಮೇಲಿನ ಅರೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಬೀಗದಕೈ ಎಲ್ಲಿದೆಯೆಂದು ಪ್ರಬಂಧಕಾರನಿಗೆ ಯಾರೂ ಹೇಳಿಲ್ಲ. ಶಿಶುವಿಗೆ ಗೊತ್ತಿದೆ.