ಲೋಟದಲ್ಲಿ ತೆಳ್ಳಗೆ

ಗೋಡೆಯ ಕನ್ನಡಿಗೆ ದಾಕ್ಷಿಣ್ಯವೆಂಬುದಿಲ್ಲ. ಹೊಟ್ಟೆ ಇದ್ದಷ್ಟನ್ನೂ ತೋರಿಸಿಬಿಡುತ್ತದೆ. ಅದಕ್ಕೇ ನಾನು ರೂಪ ನೋಡಿಕೊಳ್ಳಬೇಕೆಂದರೆ ಅಡುಗೆಮನೆಗೆ ಹೋಗುತ್ತೇನೆ. ತೊಳೆದು ಬೋರಲು ಹಾಕಿದ ಸ್ಟೀಲ್ ಪಾತ್ರೆಗಳಲ್ಲಿ ನನ್ನಂಥವರಿಗೆ ಬೇಕಾದಷ್ಟು ಆಯ್ಕೆ ಉಂಟು.

ನನಗೆ ಪ್ರಿಯವಾದದ್ದು ಕಾಫಿ ಲೋಟ. ಅದರ ಮೈ ಅಡ್ಡಕ್ಕೆ ಬಾಗಿದೆ, ಉದ್ದಕ್ಕೆ ಹೆಚ್ಚುಕಡಿಮೆ ನೇರ. ಉಬ್ಬಿದ ಮೈಗೆ ಬಡಿದ ಬೆಳಕು ಚದರಿಹೋಗುತ್ತದೆ. ಚದರಿದ ಕಿರಣಗಳು ಲೋಟದೊಳಗೆ ಅಡಗಿ ಕೂತ ಪುಟ್ಟ ಆಕೃತಿಯೊಂದರಿಂದ ಹೊರಟಂತೆ ಕಣ್ಣಿಗೆ ತೋರುತ್ತವೆ. ಬಾಗಿರುವುದು ಅಡ್ಡಕ್ಕಾದ್ದರಿಂದ ಕುಗ್ಗುವುದೂ ಅಗಲವೇ. ಎತ್ತರ ಹಾಗೇ ಉಳಿದು, ನಾನು ಕಾಲೇಜು ಹುಡುಗನಂತೆ ಬಳುಕುತ್ತೇನೆ. ಬೆಳಗಿನ ವಾಕಿಂಗಿನಿಂದ ಆದೀತು ಎಂದು ಡಾಕ್ಟರು ಹೇಳಿದ್ದನ್ನು ಲೋಟ ಕೂತಲ್ಲೇ ಮಾಡಿಕೊಡುತ್ತದೆ.

“ರೀ, ಅದನ್ನ ಒಂಚೂರು ಮಲಗಿಸಿ ಹಿಡೀರಿ” ಎಂದಳು ನನ್ನಾಕೆ. ಹಿಡಿದೆ. ಈಗ ಕುಗ್ಗಿದ್ದು ಎತ್ತರ. ಅಗಲ ಒಂದಿಷ್ಟೂ ಬಿಟ್ಟುಕೊಡಲಿಲ್ಲ. “ಹಾಂ, ಈಗ ನೀವೇ!” ಎಂದಳು.

ಲೋಟ ಕೈಕೊಟ್ಟ ಮೇಲೆ ಸೌಟು. ಅದರ ಗುಂಡಿ ಬೆಳಕನ್ನು ಚದರಿಸುವುದಿಲ್ಲ, ಒಟ್ಟುಗೂಡಿಸುತ್ತದೆ. ಆ ಗುಂಡಿ ಯಾವ ಗೋಳದ ತುಂಡೋ ಅದರ ತ್ರಿಜ್ಯದ ಅರ್ಧ ದೂರದಲ್ಲಿ ಸಂಗಮಬಿಂದು; ಸೌಟಿನಲ್ಲಿ ಅದು ಎರಡು ಮೂರು ಸೆಂಟಿಮೀಟರಷ್ಟೇ. ಅದರೊಳಗೆ ಬೆರಳಿಟ್ಟರೆ ಊದಿಕೊಂಡು ನೆಟ್ಟಗೆ ಕಾಣುತ್ತದೆ. ಮೆಲ್ಲಗೆ ಹಿಂದಕ್ಕೆ ಎಳೆಯಿರಿ: ಊದಿ, ಊದಿ, ಕಲಸಿಹೋಗಿ, ಕೊನೆಗೆ ಲಾಗ ಹಾಕುತ್ತದೆ! ತಲೆಯಿಂದ ಹೊರಟ ಬೆಳಕು ಕೆಳಗೆ, ಗಲ್ಲದಿಂದ ಹೊರಟದ್ದು ಮೇಲೆ ಹೋಗಿ ಸೇರುವುದರಿಂದ ದೂರ ನಿಂತವರೆಲ್ಲ ತಲೆಕೆಳಗು. ಆ ಬಿಂಬ ಸೌಟಿನ ಒಳಗಲ್ಲ, ಮುಂದೆ ಗಾಳಿಯಲ್ಲೇ ನಿಂತಿರುತ್ತದೆ. ಮಾವನವರಿಗೆ ನಾನು ಮೊದಲಿನಿಂದಲೂ ಕಂಡದ್ದು ಹೀಗೆಯೇ ಎಂದು ನನ್ನ ಗುಮಾನಿ. ಷೇವಿಂಗ್ ಕನ್ನಡಿಯೂ ಇದೇ ಜಾತಿ. ಅದರ ಬಾಗು ಅಲ್ಪ, ಸಂಗಮಬಿಂದು ದೂರ. ಮುಖ ಅದರೊಳಗೇ ಇರುವುದರಿಂದ ನಮ್ಮ ಮಾನ ಉಳಿದಿದೆ, ಬಿಳಿಗೂದಲು ಮಾತ್ರ ದಪ್ಪ.

ತಮಿಳುನಾಡಿನ ಕಾವಲೂರಿನಲ್ಲಿ, ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನವರ ವೈನು ಬಪ್ಪು ದೂರದರ್ಶಕದ ಕನ್ನಡಿಯೂ ತಗ್ಗಿನದೇ, ಅಗಲ 2.34 ಮೀಟರ್. ಆಕಾಶ ಅಲ್ಲಿಯೂ ತಲೆಕೆಳಗಾಗಿಯೇ ಮೂಡುತ್ತದೆ. ವಿಜ್ಞಾನಿಗಳು ತಕರಾರಿಲ್ಲದೆ ಅದನ್ನೇ ರಾತ್ರಿಯಿಡೀ ನೋಡುತ್ತಾರೆ.

ಇದನ್ನೆಲ್ಲ ನನ್ನಾಕೆಗೆ ವಿವರಿಸಿದೆ.

“ಮೊದಲು ಸೌಟು ಕೊಡಿ,” ಎಂದಳು, “ಸಾರು ಆರ್ತಾ ಇದೆ.”