ಡಬಲ್ ಎಂ.ಎ. ಅಣ್ಣ

ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಜಿಲ್ಲಾಧಿಕಾರಿ ಇಲ್ಲ, ಡಿಡಿಪಿಐ ಇದ್ದಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕಂದಾಯಕ್ಕೆ ತುಮಕೂರಿನವು, ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೆ ಮಧುಗಿರಿಯವು. ಹತ್ತನೇ ಕ್ಲಾಸಿನವರೆಗೆ ಮಕ್ಕಳ ಲೆಕ್ಕ ಇಡಲು ಇಲಾಖೆ ಇದೆ. ಡಿಗ್ರಿ ಮುಗಿಸಿದವರ ಲೆಕ್ಕ ಇಡುವವನು ಡಬಲ್ ಎಂ.ಎ. ಅಣ್ಣ.

ಇವನು ಒಬ್ಬನಲ್ಲ. ತಾಲ್ಲೂಕಿಗೆ ಒಬ್ಬನಂತೂ ಖಾಯಂ. ಕೆಲವು ಹೋಬಳಿಗಳಲ್ಲಿ ಇಬ್ಬರಿದ್ದು, ಒಬ್ಬರನ್ನೊಬ್ಬರು ಕಂಡರೆ ಆಗುವುದಿಲ್ಲ. ವಯಸ್ಸು ಮೂವತ್ತರ ಆಚೀಚೆ. ಕೈಯಲ್ಲಿ ಪ್ಲಾಸ್ಟಿಕ್ ಹಾಳೆಗಳ ಒಂದು ಫೈಲು. ಅದರೊಳಗೆ ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಮೊದಲ ಎಂ.ಎ.ಯ ನಾಲ್ಕನೇ ಸೆಮಿಸ್ಟರಿನವರೆಗಿನ ಅಂಕಪಟ್ಟಿ, ಟಿ.ಸಿ., ಮೈಗ್ರೇಷನ್, ಜಾತಿ-ಆದಾಯ, ಬಿಇಒ ಮೇಲುರುಜು ಹಾಕಿದ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರ, ಎಲ್ಲವೂ ಮೂರು ಮೂರು ಸೆಟ್ ಜೆರಾಕ್ಸ್. ಪಾಸ್‌ಪೋರ್ಟ್ ಸೈಜಿನ ಫೋಟೋಗಳೂ ಇವೆ. ಫೋಟೋದಲ್ಲಿರುವ ಹುಡುಗನಿಗೆ ತಲೆತುಂಬ ಕೂದಲಿದೆ, ಆದ್ದರಿಂದ ಹೊಸದು ತೆಗೆಸುವ ಮಾತೇ ಇಲ್ಲ.

ಅರಳಿಕಟ್ಟೆಯಲ್ಲೋ ಮದುವೆಮನೆಯಲ್ಲೋ ಸಿಕ್ಕ ಹಿರಿಯರ ಜೊತೆ ಅವನ ಸಂಭಾಷಣೆ ಹೆಚ್ಚುಕಮ್ಮಿ ಹೀಗೆ:

"ಏನಪ್ಪಾ, ಈಗೇನ್ ಮಾಡ್ಕಂಡಿದೀಯ?"

"ಎಂ.ಎ. ಮಾಡ್ತಿದೀನಿ ಮಾವ."

"ಮುಂಚೆ ಸಿಕ್ದಾಗ್ಲೂ ಹಂಗೇ ಅಂದಿದ್ದಲ್ಲ?"

"ಅದು ಕನ್ನಡ. ಇದು ಹಿಸ್ಟ್ರಿ."

ಮಾವನ ಬಾಯಿ ಅಲ್ಲಿಗೆ ಬಂದ್. ಕೆಲಸ ಇಲ್ಲ ಎಂದರೆ ಊರು ನೂರು ಮಾತಾಡುತ್ತದೆ, ಓದುತ್ತಿದ್ದೇನೆ ಎಂದರೆ ಸುಮ್ಮನಾಗುತ್ತದೆ. ಎಫ್‌ಡಿಎ, ಪಿಡಿಒ, ಕೆಎಎಸ್ ಅಧಿಸೂಚನೆಗಳು ಬರುವುದು ಯಾವಾಗಲೋ, ಬಂದದ್ದು ಕೋರ್ಟಿಗೆ ಹೋಗುವುದು ಯಾವಾಗಲೋ. ಅಷ್ಟು ದಿನ ಮರ್ಯಾದೆಯಿಂದ ಕೂರಲು ಸ್ನಾತಕೋತ್ತರ ಪದವಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಇದರಲ್ಲಿ ಅವನ ತಪ್ಪು ಕಾಲುಭಾಗವೂ ಇಲ್ಲವೆಂದೇ ಹೇಳಬೇಕು.

ಹಿಂದಿನವರಿಗೆ ಈ ಸೌಕರ್ಯ ಇರಲಿಲ್ಲ. ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ್ದೇ 2004ರಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಡಿಗ್ರಿ ಕಾಲೇಜುಗಳಿಗೆಲ್ಲ ಬೆಂಗಳೂರು ವಿಶ್ವವಿದ್ಯಾಲಯವೇ ಗತಿ, ಎಂ.ಎ. ಎಂದರೆ ಟ್ರಂಕು ಹೊತ್ತು ಜ್ಞಾನಭಾರತಿಗೆ ಹೋಗುವುದು, ಇಲ್ಲವೇ ಮೈಸೂರಿನಿಂದ ಅಂಚೆಯಲ್ಲಿ ಪಾಠ ತರಿಸಿಕೊಳ್ಳುವುದು. ಹೋಗಿ ಗೆದ್ದವರ ಹೆಸರನ್ನು ಊರು ಇವತ್ತಿಗೂ ಇವನ ತಲೆಗೆ ಕುಕ್ಕುತ್ತದೆ. ಶಿರಾದವನಾದರೆ ಬರಗೂರು ರಾಮಚಂದ್ರಪ್ಪನವರು: ಅದೇ ತಾಲ್ಲೂಕಿನ ಬರಗೂರಿನಲ್ಲಿ ಹುಟ್ಟಿ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾದವರು. ಕೊರಟಗೆರೆಯವನಾದರೆ ಆ ಕ್ಷೇತ್ರದಿಂದ ಗೆದ್ದ ಡಾ. ಜಿ. ಪರಮೇಶ್ವರ ಅವರು: ಕೃಷಿ ಓದಿ ಆಸ್ಟ್ರೇಲಿಯಾದ ಅಡಿಲೇಡ್‌ಗೆ ಹೋಗಿ ಪಿಎಚ್.ಡಿ. ತಂದವರು. "ಅವ್ರೂ ನಮ್ಮ ಹಂಗೇ ಮುದ್ದೆ ಉಂಡೋರಲ್ವೇನೋ" ಎಂಬ ಪ್ರಶ್ನೆಗೆ ಅಣ್ಣ ಉತ್ತರ ಕೊಡುವುದಿಲ್ಲ. ಫೈಲು ಸರಿಮಾಡಿಕೊಳ್ಳುತ್ತಾನೆ.

ಅವನ ನಿಜವಾದ ವಿದ್ವತ್ತು ಇರುವುದು ಕನ್ನಡದಲ್ಲೂ ಅಲ್ಲ, ಇತಿಹಾಸದಲ್ಲೂ ಅಲ್ಲ, ನಿಯಮಾವಳಿಯಲ್ಲಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆಯನ್ನು ಯುಜಿಸಿ 2015ರಲ್ಲಿ ಕಿತ್ತುಕೊಂಡದ್ದು, 2018ರಲ್ಲಿ ವಾಪಸ್ ಕೊಟ್ಟದ್ದು, ನಡುವೆ ಸಿಕ್ಕಿಕೊಂಡವರು ಕಚೇರಿಗಳಿಗೆ ಅಲೆದದ್ದು, ಎಲ್ಲವನ್ನೂ ಅವನು ಪಾಣಿಪತ್ ಯುದ್ಧಕ್ಕಿಂತ ಚೆನ್ನಾಗಿ ವಿವರಿಸುತ್ತಾನೆ. ಒಂದೇ ಕಾಲಕ್ಕೆ ಎರಡು ಪದವಿ ಓದಬಹುದೆಂದು 2022ರಲ್ಲಿ ಯುಜಿಸಿ ಒಪ್ಪಿದ ದಿನ ಅವನ ಮನೆಯಲ್ಲಿ ಪಾಯಸ ಮಾಡಿದರೆಂದು ಗೆಳೆಯರು ಆಡಿಕೊಳ್ಳುತ್ತಾರೆ. ಕೆ-ಸೆಟ್ ಬರೆಯಲು ಸ್ನಾತಕೋತ್ತರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55, ಮೀಸಲಾತಿಯವರಿಗೆ ಶೇ. 50 ಬೇಕು ಎಂಬುದನ್ನು ನಿದ್ದೆಗಣ್ಣಲ್ಲೂ ಹೇಳುತ್ತಾನೆ. ಕೆ-ಸೆಟ್ ಮಾತ್ರ ಪ್ರತಿಸಲವೂ ಅವನನ್ನು ಕೂದಲೆಳೆಯಲ್ಲಿ ಬಿಟ್ಟು ಮುಂದೆ ಹೋಗುತ್ತದೆ.

ಅವನ ಸುವರ್ಣಯುಗ ಶುರುವಾದದ್ದು 2021ರಲ್ಲಿ. ಆ ವರ್ಷ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ ಬಂತು, ಡಿಗ್ರಿಗೆ ನಾಲ್ಕನೇ ವರ್ಷ ಅಂಟಿಕೊಂಡಿತು. ಮೂರಕ್ಕೇ ನಿಲ್ಲಿಸಿದರೆ ಎಂ.ಎ. ಎರಡು ವರ್ಷ, ನಾಲ್ಕು ಓದಿದರೆ ಒಂದೇ ವರ್ಷ. ಹುಡುಗರು ತಲೆ ಕೆರೆದುಕೊಂಡು ಸಾಲಾಗಿ ಬಂದರು. ಅವರಿಗೆಲ್ಲ ತಿಳಿಹೇಳಿ ಮುಗಿಸುವಷ್ಟರಲ್ಲಿ, 2024ರಲ್ಲಿ, ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೇ ಮರಳಿತು. ಅಣ್ಣ ಬೇಸರ ಮಾಡಿಕೊಳ್ಳಲಿಲ್ಲ. ಮೊದಲಿಂದ ಹೇಳಲು ಶುರುಮಾಡಿದ.

ಅರ್ಜಿಯ ಕಾಲ ಬಂತೆಂದರೆ ತಾಲ್ಲೂಕು ಕಚೇರಿ ಎದುರಿನ ಸೈಬರ್ ಸೆಂಟರಿನಲ್ಲಿ ಅವನದೇ ದರ್ಬಾರು. ಅರ್ಜಿ ಹಾಕುವುದು ಯುಯುಸಿಎಂಎಸ್ ಎಂಬ ಪೋರ್ಟಲಿನಲ್ಲಿ. ಹೆಸರನ್ನು ಸರಿಯಾಗಿ ಉಚ್ಚರಿಸಬಲ್ಲವನು ಅವನೊಬ್ಬನೇ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ; ಪೋರ್ಟಲಿನ ಪ್ರಕಾರ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಒಟಿಪಿ ಅಪ್ಪನ ಫೋನಿಗೆ ಹೋಗಿದೆ, ಅಪ್ಪ ಕಡ್ಲೆಕಾಯಿ ಹೊಲದಲ್ಲಿದ್ದಾನೆ. ಫೋನ್ ಮಾಡಿದರೆ ಅಪ್ಪ ಒಟಿಪಿ ಓದುವ ಬದಲು, "ಯಾರಿಗೂ ಹೇಳ್ಬಾರ್ದು ಅಂತ ಬರ್ದೈತೆ ಕಣಪ್ಪ" ಎನ್ನುತ್ತಾನೆ. ಅವನನ್ನು ಒಪ್ಪಿಸುವುದರೊಳಗೆ ಸಮಯ ಮುಗಿದು, ಇನ್ನೊಂದು ಒಟಿಪಿ ಹೊರಡುತ್ತದೆ.

ಪಾವಗಡದ ಶಾಖೆಯ ಕಷ್ಟಗಳೇ ಬೇರೆ. ಆ ತಾಲ್ಲೂಕನ್ನು ಬಹುಪಾಲು ಆಂಧ್ರವೇ ಸುತ್ತಿಕೊಂಡಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೋರ್ಟಲಿನಲ್ಲಿ ಇಂಗ್ಲಿಷು. ಗಡಿ ದಾಟಿ ಡಿಗ್ರಿ ಮಾಡಿ ಬಂದವನಿಗೆ ಎಲಿಜಿಬಿಲಿಟಿ, ಮೈಗ್ರೇಷನ್ ಎಂದು ಇನ್ನೆರಡು ಕಾಗದ ಹೆಚ್ಚು. ತುಮಕೂರು ಅಲ್ಲಿಂದ ಹತ್ತಿರಹತ್ತಿರ ನೂರು ಕಿಲೋಮೀಟರು. ತುಮಕೂರು-ರಾಯದುರ್ಗ ರೈಲುಮಾರ್ಗ ಪಾವಗಡ, ಮಧುಗಿರಿ, ಕೊರಟಗೆರೆ ಮೇಲೆ ಬರುತ್ತದೆಂದು ಅಣ್ಣ ಪಿಯುಸಿ ಓದುವಾಗಲೇ ಕೇಳಿದ್ದ. ಅವನು ಎರಡನೇ ಎಂ.ಎ.ಗೆ ಬಂದ, ರೈಲು ಇನ್ನೂ ಬರುತ್ತಲೇ ಇದೆ. ಫೀಸಿನ ಮಾತು ಬಂದರೆ ಮಾತ್ರ ತಿರುಮಣಿ ಕಡೆಯವರು ಕೊಂಚ ಗಟ್ಟಿ. 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದಾಗ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಗೊತ್ತಾಯಿತು. ಮಳೆ ಬಂದರೂ ಬರದಿದ್ದರೂ ಸೂರ್ಯನ ದುಡ್ಡಿನಲ್ಲಿ ಒಂದು ಸೆಮಿಸ್ಟರ್ ದಾಟಬಹುದು.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಣ್ಣನ ಗಿರಾಕಿಗಳ ಮುಖ ಬದಲಾಯಿತು. ಹಾಸ್ಟೆಲ್ ಸಿಗಲಿಲ್ಲವೆಂದು ಮನೆಯಲ್ಲೇ ಉಳಿಯಬೇಕಿದ್ದ ಹುಡುಗಿಯರು ಆಧಾರ್ ತೋರಿಸಿ ಸರ್ಕಾರಿ ಬಸ್ಸಿನಲ್ಲಿ ದಿನಾ ಹೋಗಿಬರಬಹುದು ಎಂದಾಯಿತು. "ಎಂ.ಎ. ಮುಗೀಲಿ, ಆಮೇಲೆ ಮದ್ವೆ" ಎಂಬ ವಾದಕ್ಕೆ ಬಸ್ ಚಾರ್ಜೂ ಅಡ್ಡ ಬರದಂತಾಯಿತು. ಮರುವರ್ಷದ ಯುವನಿಧಿ ಮಾತ್ರ ಅಣ್ಣನನ್ನು ಕಾಡಿತು. ಡಿಗ್ರಿ ಮುಗಿಸಿ ನಿರುದ್ಯೋಗಿಯಾಗಿರುವವರಿಗೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ; ಮುಂದೆ ಓದಲು ಸೇರಿದರೆ ಇಲ್ಲ. ಎಂ.ಎ. ಕೂಡ ಎರಡೇ ವರ್ಷ! ಎಷ್ಟೋ ಹುಡುಗರ ಎದುರು ಅವನು ಹಾಳೆಯ ಮೇಲೆ 72,000 ಎಂದು ಬರೆದು, ಕೆಳಗೆ ಗೀಟೆಳೆದು, "ಯೋಚ್ನೆ ಮಾಡು" ಎಂದಿದ್ದಾನೆ. ಅವನದೇ ಡಿಗ್ರಿ ಮುಗಿದದ್ದು ಯೋಜನೆಗೆ ಬಹಳ ಹಿಂದೆ, ಹಾಗಾಗಿ ಸ್ವಂತಕ್ಕೆ ಆ ಗೀಟೂ ಇಲ್ಲ.

ಇಷ್ಟೆಲ್ಲಕ್ಕೂ ಅವನು ಬಿಡಿಗಾಸು ಮುಟ್ಟುವುದಿಲ್ಲ. ಒಂದು ಟೀ ಕುಡಿಸಿದರೆ ಬೇಡವೆನ್ನುವುದಿಲ್ಲ, ಅಷ್ಟೆ. ಹೀಗೆ ಅರ್ಜಿ ತುಂಬಿಸಿಕೊಂಡವಳೊಬ್ಬಳು ಎಂ.ಎ. ಮುಗಿಸಿ, ಕೆ-ಸೆಟ್ ಪಾಸಾಗಿ, ಗೆಸ್ಟ್ ಆಗಿ ಸೇರಿ, ಈಗ ಅವನದೇ ಹಿಸ್ಟ್ರಿ ಕ್ಲಾಸಿಗೆ ಪಾಠಕ್ಕೆ ಬರುತ್ತಾಳೆ. ಕ್ಲಾಸಿನಲ್ಲಿ ಅವನು "ಮೇಡಂ" ಎನ್ನುತ್ತಾನೆ, ಅವಳು ರೋಲ್ ನಂಬರ್ ಕೂಗಿ ಸುಮ್ಮನಾಗುತ್ತಾಳೆ. ಹೊರಗೆ ಕಾರಿಡಾರಿನಲ್ಲಿ ಮಾತ್ರ ಹಳೆಯ ವರಸೆ.

"ಅಣ್ಣಾ, ನಿಮ್ದು ಎಪ್ಪತ್ತೈದು ಪರ್ಸೆಂಟ್ ಅಟೆಂಡೆನ್ಸ್ ಇಲ್ಲ. ಹಾಲ್ ಟಿಕೆಟ್ ಹೆಂಗ್ ಬರುತ್ತೆ? ಎಲ್ಲೋಗಿದ್ರಿ ಇಷ್ಟು ದಿನ?"

"ಅಡ್ಮಿಷನ್ ಟೈಮಲ್ವಾ ಮೇಡಂ. ನಮ್ಮ ತಾಲ್ಲೂಕಿನ ಹುಡುಗ್ರದ್ದು ಅಪ್ಲಿಕೇಷನ್ ಹಾಕಿಸ್ತಿದ್ದೆ. ಅದ್ರಲ್ಲಿ ನಿಮ್ಮ ತಮ್ಮಂದೂ ಐತೆ."

ಮೇಡಂ ಹಾಜರಿ ಪುಸ್ತಕ ಮುಚ್ಚಿ, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದರು: "ಅವ್ನಿಗೆ ಎಕನಾಮಿಕ್ಸ್ ಸೀಟ್ ಸಿಗುತ್ತಾ ಅಣ್ಣಾ?"